ನೆಲದೊಳಗಿನ ‘ಢಂ’ ಸಪ್ಪಳ: ಮನೆ ಬಿಡಬೇಕೆ?

ಪ್ರಶ್ನೆ: “ಮೇಡಂ, ನಮಸ್ಕಾರ್ರೀ. ನಮ್ದು ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ. ಮಳಿಗಾಲ ಮುಗಿಯೋ ಹೊತ್ತಿನಾಗ ರಾತ್ರಿ ನೆಲದಾಗಿಂದ ಢಂ ಅಂತ ಸಪ್ಪಳ ಬರ್ತದ, ಬಂಡಿ ಮ್ಯಾಲಿಂದ ದೊಡ್ಡ ಕಲ್ಲು ಕೆಡವಿದಂಗ. ಅದರ ಹಿಂದೇ ಭಾಂಡೆ ಅಲುಗಾಡ್ತಾವ, ಎರಡು ಸೆಕೆಂಡಿಗೆ ಎಲ್ಲಾ ಸುಮ್ಮಗ. 2021ರ ಅಕ್ಟೋಬರ್‌ದಾಗ ಗಡಿಕೇಶ್ವಾರ ಕಡಿ ಭೂಕಂಪ ಆದಾಗಿಂದ ಸಣ್ಣ ಸಪ್ಪಳಕ್ಕೂ ಜನ ಹೊರಗ ಓಡ್ತಾರ. ಒಬ್ಬರು ಭೂಮಿ ಒಳಗ ಲಾವಾ ಕುದಿಲತ್ತದ ಅಂತಾರ, ಒಬ್ಬರು ಖಣಿ ಬ್ಲಾಸ್ಟಿಂಗ್ ಅಂತಾರ, ಇನ್ನೊಬ್ಬರು ಬೋರ್ ಹೊಡದು ಹೊಡದು ನೆಲ ಪೊಳ್ಳಾಗ್ಯದ ಅಂತಾರ. ‘ಇಂಥಾ ರಾತ್ರಿ ದೊಡ್ಡದು ಆಗ್ತದ’ ಅಂತ ವಾಟ್ಸಾಪ್ ಬಂದಾಗ ಇಡೀ ಓಣಿ ಹೊರಗ ಮಲಗಿತ್ತು. ನಮ್ದು ಅಜ್ಜನ ಕಾಲದ ಕಲ್ಲು-ಮಣ್ಣಿನ ಮಾಳಿಗಿ ಮನಿ. ಅವ್ವಗ ಎಪ್ಪತ್ತೆರಡು, ಊರು ಬಿಡಂಗಿಲ್ಲ ಅಂತಾಳ. ತಮ್ಮ ಹೈದರಾಬಾದಿಗೆ ಬರ್ರಿ ಅಂತಾನ. ಮೇಸ್ತ್ರಿ, ಮಾಳಿಗಿ ತೆಗದು ಅದೇ ಗೋಡಿ ಮ್ಯಾಲ ಸ್ಲ್ಯಾಬ್ ಹಾಕಿದ್ರ ಗಟ್ಟಿ ಆಗ್ತದ ಅಂತಾನ. ಈ ಸಪ್ಪಳ ಏನು? ದೊಡ್ಡ ಭೂಕಂಪದ ಮುನ್ಸೂಚನೆಯಾ? ಮನಿ ಬಿಡಬೇಕಾ?”
— ತೊಗರಿ ಬೆಳೆಗಾರರೊಬ್ಬರು, ಚಿಂಚೋಳಿ ತಾಲ್ಲೂಕು

ಉತ್ತರ: ತುರ್ತಿನ ಮಾತು ಮೊದಲು ಹೇಳಿಬಿಡುತ್ತೇನೆ. ಮೇಸ್ತ್ರಿಗೆ ಮುಂಗಡ ಕೊಟ್ಟಿರದಿದ್ದರೆ ಕೊಡಬೇಡಿ. ಕೊಟ್ಟಿದ್ದರೂ ಸ್ಲ್ಯಾಬ್ ಕೆಲಸ ನಿಲ್ಲಿಸಿ. ಕಾರಣ ಮುಂದೆ ಬರುತ್ತದೆ. ಊರು ಬಿಡುವ ಅಗತ್ಯ ನನಗೆ ಕಾಣುತ್ತಿಲ್ಲ. ಆದರೆ ಅವ್ವ ಈಗ ಮಲಗುವ ಜಾಗ ಮತ್ತು ಮಾಳಿಗೆಯ (ಜಂತಿ ಹಾಕಿದ ಚಾವಣಿಯ) ಮೇಲೆ ಕೂತಿರುವ ಮಣ್ಣು, ಇವೆರಡನ್ನು ಇದ್ದ ಹಾಗೆ ಬಿಡುವಂತಿಲ್ಲ.

ನಿಮ್ಮ ಭಯ ನನಗೆ ಹೊಸದಲ್ಲ. ನಾನು ಬೆಳೆದದ್ದು ಆಳಂದ ತಾಲ್ಲೂಕಿನ ಮಾಳಿಗೆ ಮನೆಯಲ್ಲಿ. 1993ರ ಸೆಪ್ಟೆಂಬರ್ 30ರ ನಸುಕು, ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಬಾಕಿ. ಹಿಂದಿನ ರಾತ್ರಿ ಗಣಪತಿ ಕಳಿಸಿ ತಡವಾಗಿ ಮಲಗಿದ್ದೆವು. ಮೊದಲು ಬಂದದ್ದು ಸಪ್ಪಳ. ತುಂಬಿದ ಲಾರಿ ದೂರದಲ್ಲಿ ಏರು ಹತ್ತುತ್ತಿದೆಯೇನೋ ಎಂಬಂಥ ಗುಡುಗುಡು ಸದ್ದು. “ಇಷ್ಟೊತ್ತಿನಾಗ ಯಾರ ಲಾರಿ?” ಎಂದು ಅಜ್ಜಿ ಎದ್ದು ಕೂತಳು. ಆಕೆ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಗೂಡಿನ ಹಿತ್ತಾಳೆ ತಂಬಿಗೆ ಉರುಳಿ ಬಿತ್ತು, ಜಂತಿಗಳ ಸಂದಿನಿಂದ ಮಣ್ಣು ನಮ್ಮ ಮುಖದ ಮೇಲೆ ಸುರಿಯಿತು. ನಮ್ಮ ಗೋಡೆ ನಿಂತಿತು. ನಮ್ಮೂರ ಸುತ್ತಿನಿಂದ ನೇರ ಗೆರೆಯಲ್ಲಿ ಐವತ್ತು-ಅರವತ್ತು ಕಿಲೋಮೀಟರ್ ಆಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ, ಗೋಡೆಗಳು ನಿಲ್ಲಲಿಲ್ಲ. ಸುಮಾರು ಹತ್ತು ಸಾವಿರ ಜನ ಅಲ್ಲಿ ನಿದ್ದೆಯಲ್ಲೇ ಮಣ್ಣಿನಡಿ ಹೋದರು. ಸಪ್ಪಳಕ್ಕೂ ತಂಬಿಗೆ ಬಿದ್ದದ್ದಕ್ಕೂ ನಡುವೆ ಇದ್ದ ಆ ಏಳೆಂಟು ಸೆಕೆಂಡಿನ ಅರ್ಥ ನನಗೆ ತಿಳಿದದ್ದು ಮುಂದೆ ಭೂಭೌತ ವಿಜ್ಞಾನ ಓದುವಾಗ. ನಿಮ್ಮ ಪ್ರಶ್ನೆಗೆ ಉತ್ತರವೂ ಆ ಸೆಕೆಂಡುಗಳಲ್ಲೇ ಇದೆ.

ನೆಲದಾಳದಲ್ಲಿ ಬಂಡೆಯೊಂದು ಬಿರುಕಿನ ಗುಂಟ ಸರಕ್ಕನೆ ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಮೊದಲನೆಯದು ಒತ್ತುವ ಅಲೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ನೋಡಲು ಒತ್ತೊತ್ತಾಗಿ ನಿಂತ ಜನರನ್ನು ನೆನೆಸಿಕೊಳ್ಳಿ. ಹಿಂದೆ ಯಾರೋ ನೂಕಿದರೆ ಆ ನೂಕು ಮುಂದಿನ ಸಾಲಿನವರೆಗೂ ಹಾಯುತ್ತದೆ, ಪ್ರತಿಯೊಬ್ಬರೂ ಸರಿಯುವುದು ಗೇಣುದ್ದವಷ್ಟೇ. ಗಾಳಿಯಲ್ಲಿ ಶಬ್ದ ಹೋಗುವುದೂ ಹೀಗೆಯೇ. ಅಂದರೆ ಈ ಮೊದಲ ಅಲೆ ಬಂಡೆಯೊಳಗಿನ ಶಬ್ದವೇ. ಎರಡನೆಯದು ಅಡ್ಡಡ್ಡ ಅಲುಗಿಸುವ ಅಲೆ, ಬಾವಿಯ ಹಗ್ಗ ಜಾಡಿಸಿದಾಗ ಅದರುದ್ದಕ್ಕೂ ಹಾವಿನಂತೆ ಹರಿಯುತ್ತದಲ್ಲ, ಅಂಥದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಮ್ಮ ಭಾಗದ ಗಟ್ಟಿ ಕಲ್ಲಿನಲ್ಲಿ ಒತ್ತುವ ಅಲೆ ಸೆಕೆಂಡಿಗೆ ಹೆಚ್ಚುಕಡಿಮೆ 6 ಕಿಲೋಮೀಟರ್ ಓಡುತ್ತದೆ, ಅಡ್ಡ ಅಲೆ ಮೂರೂವರೆ.

ಒತ್ತುವ ಅಲೆ ನೆಲದ ಮೇಲ್ಮೈಗೆ ಬಂದು ತಾಗಿದಾಗ ನೆಲವೇ ಡೊಳ್ಳಿನ ಚರ್ಮದ ಹಾಗೆ ಕಂಪಿಸಿ ಗಾಳಿಯನ್ನು ತಳ್ಳುತ್ತದೆ. ನೀವು ಕೇಳುವ ‘ಢಂ’ ಅದೇ. ಭಾಂಡೆ ಅಲುಗುವುದು ಹಿಂದೆ ಬಂದ ಅಡ್ಡ ಅಲೆಯಿಂದ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ ಸಿಡಿಲಿನ ದೂರ ಹೇಳುತ್ತೇವಲ್ಲ, ಅದೇ ಲೆಕ್ಕ ಇಲ್ಲೂ ನಡೆಯುತ್ತದೆ: ಸಪ್ಪಳಕ್ಕೂ ಅಲುಗಾಟಕ್ಕೂ ನಡುವೆ ಎಷ್ಟು ಸೆಕೆಂಡು ಇತ್ತೋ ಅದನ್ನು ಎಂಟರಿಂದ ಗುಣಿಸಿದರೆ ಕಂಪನ ಎಷ್ಟು ಕಿಲೋಮೀಟರ್ ದೂರ ಆಯಿತೆಂಬ ಅಂದಾಜು ಸಿಗುತ್ತದೆ. ನಮ್ಮಜ್ಜಿಯ ‘ಲಾರಿ’ ಏಳೆಂಟು ಸೆಕೆಂಡು ಮುಂಚೆ ಬಂದಿತ್ತು, ಕಿಲ್ಲಾರಿಯ ದೂರಕ್ಕೆ ಅದು ಸರಿಹೊಂದುತ್ತದೆ. ನಿಮ್ಮೂರಲ್ಲಿ ‘ಅದರ ಹಿಂದೇ’ ಅಲುಗುತ್ತದೆ ಎಂದಿದ್ದೀರಿ. ಎರಡರ ನಡುವೆ ಒಂದು ಸೆಕೆಂಡೂ ಇಲ್ಲ ಎಂದಾದರೆ ಅದು ಆಗುತ್ತಿರುವುದು ನಿಮ್ಮ ಹೊಲಗಳ ಅಡಿಯಲ್ಲೇ, ಕೆಲವೇ ಕಿಲೋಮೀಟರ್ ಆಳದಲ್ಲಿ.

ಇದು ಕೇಳಿ ಗಾಬರಿಯಾಗಬೇಡಿ. ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20 ಸಲಕ್ಕಿಂತ ಹೆಚ್ಚು ಕಂಪಿಸುವ ಸದ್ದು ಮಾತ್ರ. ದೊಡ್ಡ ಭೂಕಂಪ ತನ್ನ ಹೆಚ್ಚಿನ ಶಕ್ತಿಯನ್ನು ಅದಕ್ಕಿಂತ ನಿಧಾನವಾದ, ಕಿವಿಗೆ ಕೇಳದ ಅಲೆಗಳಲ್ಲಿ ಹೊರಹಾಕುತ್ತದೆ. ಸಣ್ಣ ಕಂಪನದ ಅಲೆಗಳು ಚುರುಕು. ದೂರ ಹೋದಂತೆ ಈ ಚುರುಕು ಅಲೆಗಳನ್ನು ಬಂಡೆ ನುಂಗಿಬಿಡುತ್ತದೆ, ಹತ್ತಿರವಿದ್ದರೆ ಮಾತ್ರ ಅವು ಕಿವಿ ಮುಟ್ಟುತ್ತವೆ. ಹೀಗಾಗಿ ‘ಸಪ್ಪಳ ಜೋರು, ಅಲುಗಾಟ ಕಡಿಮೆ, ಎರಡು ಸೆಕೆಂಡಿಗೆ ಮುಗಿಯಿತು’ ಎಂಬುದು ಸಣ್ಣ, ಹತ್ತಿರದ, ಆಳವಿಲ್ಲದ ಕಂಪನದ ಗುರುತು. ಸದ್ದು ದೊಡ್ಡದಾದ ಮಾತ್ರಕ್ಕೆ ಅಪಾಯ ದೊಡ್ಡದಲ್ಲ.

ಇನ್ನು ಲಾವಾದ ಮಾತು. ನಿಮ್ಮ ಕಾಲಡಿಯ ಕರಿಕಲ್ಲು ಲಾವಾದಿಂದಲೇ ಆದದ್ದು, ನಿಜ. ಆದರೆ ಅದು ಹರಿದು ತಣ್ಣಗಾಗಿ ಸುಮಾರು 6.6 ಕೋಟಿ ವರ್ಷವಾಯಿತು. ಈಗ ನಮ್ಮ ಭಾಗದಲ್ಲಿ ಎಲ್ಲೂ ಜೀವಂತ ಜ್ವಾಲಾಮುಖಿಯಿಲ್ಲ. ‘ಭೂಮಿಯ ಹೊಟ್ಟೆಯಲ್ಲಿ ಬೆಂಕಿ ಕುದಿಯುತ್ತಿದೆ’ ಎಂಬ ಮಾತು ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಓದಿದವರೂ ಹೇಳುತ್ತಾರೆ. ಅದನ್ನು ಅಲೆಗಳೇ ಸುಳ್ಳು ಮಾಡಿವೆ, ಆ ಕಥೆ ನನಗೆ ಬಹಳ ಇಷ್ಟ.

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಿಮ್ಮವ್ವ ಏನು ಮಾಡುತ್ತಾರೆ? ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಡುತ್ತಾರೆ. ಬಿರುಕಿದ್ದರೆ ಸದ್ದೇ ಹೇಳುತ್ತದೆ. ವಿಜ್ಞಾನಿಗಳು ಭೂಮಿಯನ್ನು ಪರೀಕ್ಷಿಸಿದ್ದೂ ಹೀಗೆಯೇ, ಬಡಿದದ್ದು ಮಾತ್ರ ಭೂಕಂಪಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಆರ್. ಡಿ. ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ದಾಖಲೆಗಳನ್ನು ಕೂತು ನೋಡಿ, ಒತ್ತುವ ಅಲೆ, ಅಡ್ಡ ಅಲೆ, ನೆಲದ ಮೇಲ್ಮೈಯಲ್ಲೇ ಹರಿಯುವ ಅಲೆ ಬೇರೆಬೇರೆ ಎಂದು ಗುರುತಿಸಿದರು. 1906ರಲ್ಲಿ ಅವರೇ ಭೂಮಿಗೆ ಬೇರೆಯೇ ಗುಣದ ತಿರುಳೊಂದಿದೆ ಎಂದು ತೋರಿಸಿದರು. ನೀರನ್ನು ಅಡ್ಡಕ್ಕೆ ಎಳೆದರೆ ಅದು ಹಗ್ಗದಂತೆ ಮರಳಿ ಜಗ್ಗುವುದಿಲ್ಲ, ಆದ್ದರಿಂದ ಅಡ್ಡ ಅಲೆ ದ್ರವದಲ್ಲಿ ಸಾಗಲಾರದು. ಈ ಅಲೆ ಭೂಮಿಯೊಳಗೆ 2,890 ಕಿಲೋಮೀಟರ್ ಆಳದವರೆಗೂ ಆರಾಮಾಗಿ ಓಡುತ್ತದೆ. ಅಂದರೆ ಅಲ್ಲಿಯವರೆಗೂ ಇರುವುದು ಗಟ್ಟಿ ಬಂಡೆಯೇ. ಕಲಬುರಗಿಯಿಂದ ನೇರ ಗೆರೆಯಲ್ಲಿ ದಿಲ್ಲಿಗೆ ಹೋಗಿ ಬಂದರೂ ಅಷ್ಟು ದೂರವಾಗದು. ಅದರ ಕೆಳಗೆ ಕರಗಿದ ಕಬ್ಬಿಣದ ಹೊರತಿರುಳು, ಸುಮಾರು 5,150 ಕಿಲೋಮೀಟರ್ ಆಳದಿಂದ ಮತ್ತೆ ಗಟ್ಟಿಯಾದ ಒಳತಿರುಳು. ಆ ಒಳತಿರುಳನ್ನು 1936ರಲ್ಲಿ ಅಲೆಗಳ ಗೆರೆಗಳಿಂದಲೇ ಕಂಡುಹಿಡಿದವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. ನಿಮ್ಮೂರ ಸಪ್ಪಳ ಹುಟ್ಟುವುದು ಕೆಲವೇ ಕಿಲೋಮೀಟರ್ ಆಳದ ತಣ್ಣನೆ ಕಲ್ಲಿನಲ್ಲಿ. ಅದಕ್ಕೂ ಆ ಕರಗಿದ ಕಬ್ಬಿಣಕ್ಕೂ ಸಂಬಂಧವಿಲ್ಲ.

ಖಣಿಯ ಬ್ಲಾಸ್ಟಿಂಗ್ ಬಗ್ಗೆ ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ. ಸೇಡಂ, ಶಹಾಬಾದ್, ವಾಡಿ ಸುತ್ತ ಸುಣ್ಣಕಲ್ಲಿನ ಖಣಿಗಳಿವೆ, ಸಿಡಿತಕ್ಕೆ ನೆಲ ಅದುರುತ್ತದೆ, ತೀರ ಹತ್ತಿರದ ಮನೆಗಳ ಗಿಲಾವು ಬಿರಿಯುವುದೂ ಉಂಟು. ಕಂಪನಮಾಪಕದಲ್ಲಿ ಎರಡೂ ಬೇರೆಯಾಗಿಯೇ ಕಾಣುತ್ತವೆ. ಸಿಡಿತದಲ್ಲಿ ಮೊದಲ ಒತ್ತು ಜೋರು, ಅಡ್ಡ ಅಲೆ ದುರ್ಬಲ. ಭೂಕಂಪದಲ್ಲಿ ಮೊದಲು ಸಣ್ಣ ನಡುಕ, ಆಮೇಲೆ ಅಡ್ಡ ಅಲೆಯ ದೊಡ್ಡ ಏರಿಳಿತ. ಹಳ್ಳಿಯೊಂದರ ಶಾಲೆಯ ಕೋಣೆಯಲ್ಲಿ ಕಂಪನಮಾಪಕ ಇಟ್ಟು ಕೂತ ದಿನಗಳಲ್ಲಿ ಹಿಟ್ಟಿನ ಗಿರಣಿ ಶುರುವಾದದ್ದು, ಎತ್ತು ಗೋಡೆ ಪಕ್ಕ ಹಾದದ್ದು, ಮಕ್ಕಳು ಊಟದ ಗಂಟೆಗೆ ಓಡಿದ್ದು ಎಲ್ಲ ಗೆರೆಯಾಗಿ ಬೀಳುತ್ತಿತ್ತು. ಒಂದೆರಡು ವಾರದಲ್ಲಿ ಒಂದೊಂದರ ಕೈಬರಹ ಪರಿಚಯವಾಗಿಬಿಡುತ್ತದೆ. ಉಪಕರಣವಿಲ್ಲದ ನಿಮಗೆ ಗಡಿಯಾರ ಸಾಕು. ಖಣಿಯಲ್ಲಿ ಸಿಡಿಸುವುದು ಹಗಲು, ಹೆಚ್ಚುಕಡಿಮೆ ಗೊತ್ತಾದ ವೇಳೆಗೆ. ರಾತ್ರಿ ಎರಡಕ್ಕೂ ನಸುಕಿಗೂ ಬರುವುದನ್ನು ಖಣಿಯ ತಲೆಗೆ ಕಟ್ಟಲಾಗದು.

ಬೋರ್‌ವೆಲ್ ಸಾವಿರ ಅಡಿ ಇಳಿದರೂ ಅದು 300 ಮೀಟರ್ ಅಷ್ಟೇ, ಆರಿಂಚಿನ ತೂತಿನಿಂದ ನೆಲ ಪೊಳ್ಳಾಗುವುದಿಲ್ಲ. ನೀರಿನ ಪಾತ್ರ ಮಾತ್ರ ಇದೆ, ಬೇರೆ ರೀತಿಯಲ್ಲಿ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತ ಹಿಮಾಲಯಕ್ಕೆ ಒತ್ತುತ್ತಿದೆ. ಆ ಒತ್ತಡ ಇಲ್ಲಿನ ಹಳೆಯ ಬಿರುಕುಗಳಲ್ಲೂ ಕೂತಿದೆ. ಎರಡು ಶಹಾಬಾದ್ ಪರ್ಸಿ (ಹಾಸುಗಲ್ಲು) ಒಂದರ ಮೇಲೊಂದಿಟ್ಟು ಮೇಲಿನದನ್ನು ತಳ್ಳಿ ನೋಡಿ, ಸರಿಯದು. ನಡುವೆ ನೀರು ಒತ್ತಿ ಹೊಕ್ಕರೆ ಹಿಡಿತ ಸಡಿಲಿ ಜಾರುತ್ತದೆ. ಮೊದಲೇ ಜಾರಲು ಸಿದ್ಧವಾಗಿರುವ ಬಿರುಕಿಗೆ ಮಳೆಗಾಲದ ನೀರಿನ ಒತ್ತಡ ಒಂದು ನೆಪ. ಮಳೆ ಹಿಂದೆ ಸರಿಯುವ ಕಾಲಕ್ಕೇ ನಿಮ್ಮಲ್ಲಿ ಸಪ್ಪಳ ಹೆಚ್ಚುವುದಕ್ಕೆ ಒಪ್ಪಬಹುದಾದ ವಿವರಣೆ ಇದೇ. ನಿಮ್ಮ ಭಾಗದಲ್ಲಿ ಕರಿಕಲ್ಲಿನ ಜೊತೆಗೆ ನೀರಿಗೆ ಕರಗುವ ಸುಣ್ಣಕಲ್ಲೂ ಇರುವುದರಿಂದ ನೀರಿಗೆ ಒಳದಾರಿಗಳು ಹೆಚ್ಚು. ನೀರು ದೊಡ್ಡ ಪ್ರಮಾಣದಲ್ಲಿ ನಿಂತಾಗ ಏನಾಗಬಹುದೆಂಬುದಕ್ಕೆ 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಬಳಿ ಆದ ಭೂಕಂಪವನ್ನು ಜಗತ್ತಿನಾದ್ಯಂತ ಪಾಠವಾಗಿ ಓದಿಸುತ್ತಾರೆ.

ವಾಟ್ಸಾಪ್ ಸಂದೇಶದ ವಿಷಯ ಚಿಕ್ಕದು. ಭೂಕಂಪದ ದಿನ, ವೇಳೆ ಮುಂಚಿತವಾಗಿ ಹೇಳುವ ವಿದ್ಯೆ ಇಂದಿಗೂ ಯಾರ ಬಳಿಯೂ ಇಲ್ಲ, ಯಾವ ದೇಶದಲ್ಲೂ ಇಲ್ಲ. ದಿನಾಂಕ ಬರೆದಿದ್ದರೆ ಅದು ಸುಳ್ಳೆಂದು ಅಲ್ಲೇ ಅಳಿಸಿ.

ಈಗ ನಿಮ್ಮನ್ನು ನಿಜಕ್ಕೂ ನಿದ್ದೆಗೆಡಿಸಿದ ಪ್ರಶ್ನೆ: ಇದು ದೊಡ್ಡದಕ್ಕೆ ಮುನ್ಸೂಚನೆಯೇ? ಇಲ್ಲಿ ನಾನು ಸಿಹಿ ಮಾತು ಹೇಳಲಾರೆ. ಗಡಿಕೇಶ್ವಾರದ ಸುತ್ತ 2021ರಲ್ಲಿ ಬಂದ ದೊಡ್ಡ ಕಂಪನದ ತೀವ್ರತೆ 4ರ ಆಸುಪಾಸು. ಕಿಲ್ಲಾರಿಯದು 6.2. ಎರಡು ಅಂಕಿಯ ವ್ಯತ್ಯಾಸ ಎಂದು ಹಗುರ ಮಾಡಬೇಡಿ, ಅಂಕಿ ಒಂದು ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಕಿಲ್ಲಾರಿಯಲ್ಲಿ ಹೊರಬಿದ್ದ ಶಕ್ತಿ ಸಾವಿರ ಪಟ್ಟಿಗೂ ಹೆಚ್ಚು. ‘ಸಣ್ಣಸಣ್ಣದು ಆಗಿಹೋದರೆ ದೊಡ್ಡದು ತಪ್ಪುತ್ತದೆ’ ಎಂಬ ಸಮಾಧಾನವೂ ಇದರಿಂದಲೇ ಸುಳ್ಳಾಗುತ್ತದೆ, ಅಷ್ಟು ಸಾಲ ತೀರಿಸಲು ಸಣ್ಣವು ಸಾವಿರ-ಲಕ್ಷಗಳ ಲೆಕ್ಕದಲ್ಲಿ ಬರಬೇಕು. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರಿನಿಂದ ಸಾವಿರಾರು ಸಣ್ಣ ಕಂಪನಗಳು ಬಂದವು, ಅವುಗಳ ಬೆನ್ನಿಗೆ ದೊಡ್ಡದು ಬರಲಿಲ್ಲ. ಹೀಗೆ ಸಾಲುಸಾಲಾಗಿ ಬಂದು ತಾವೇ ತಣ್ಣಗಾಗುವುದೇ ಹೆಚ್ಚು. ಆದರೆ ಕಿಲ್ಲಾರಿಯಲ್ಲೂ 1992ರಲ್ಲಿ ಸಣ್ಣ ಕಂಪನಗಳು ಬಂದು ಜನ ಹೆದರಿದ್ದರು. ಆಗಿನ ಭೂಕಂಪ ನಕ್ಷೆಯಲ್ಲಿ ಅದು ಇದ್ದದ್ದು ಅತಿ ಕಡಿಮೆ ಅಪಾಯದ ವಲಯದಲ್ಲಿ. ಆದ್ದರಿಂದ ‘ಆಗುವುದೇ ಇಲ್ಲ’ ಎಂದು ಬರೆದುಕೊಡಲು ನನ್ನ ವೃತ್ತಿಯ ಯಾರಿಗೂ ಸಾಧ್ಯವಿಲ್ಲ. ಸಾಧ್ಯತೆ ಕಡಿಮೆ, ಶೂನ್ಯವಲ್ಲ. ನೆಲವನ್ನು ನಾವು ತಡೆಯಲಾರೆವು, ಮನೆಯನ್ನು ತಿದ್ದಬಹುದು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ನಿಮ್ಮ ಮನೆಯಂಥ ಮನೆಗಳೇ. ಎರಡಡಿ ದಪ್ಪದ ಗೋಡೆ ಎಂದು ನಾವು ಹೆಮ್ಮೆಪಡುತ್ತೇವೆ. ಬಿಚ್ಚಿ ನೋಡಿದರೆ ಅದು ಒಂದು ಗೋಡೆಯಲ್ಲ. ಒಳಗೊಂದು ಸಾಲು, ಹೊರಗೊಂದು ಸಾಲು, ನಡುವೆ ಕೆಸರು, ಚೂರುಕಲ್ಲು. ಅಡ್ಡ ಅಲೆ ಬಂದಾಗ ಎರಡೂ ಸಾಲು ತಂತಮ್ಮ ದಾರಿ ಹಿಡಿದು ಹೊಟ್ಟೆಬಿಟ್ಟು ಬೀಳುತ್ತವೆ. ಮೇಲಿನ ಮಾಳಿಗೆ ನೇರ ಕೆಳಗೆ. ಪ್ರತಿ ವರ್ಷ ಮಳೆಗೆ ಮುಂಚೆ ಸೋರದಿರಲೆಂದು ಕರಲು ಮಣ್ಣು ಹರಡುತ್ತೇವೆ, ಹಳೆಯದನ್ನು ಯಾರೂ ಕೆರೆದು ತೆಗೆಯುವುದಿಲ್ಲ. ಅಜ್ಜನ ಕಾಲದಿಂದ ಈಗ ಎಷ್ಟಾಗಿರಬೇಕು! ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ, ಅದು ಮಳೆಗೆ ನೆನೆದಾಗ ಸುಮಾರು ಆರು ಟನ್. ಎರಡು ಟ್ರ್ಯಾಕ್ಟರ್ ಲೋಡು ಅವ್ವನ ತಲೆಯ ಮೇಲೆ ಕೂತ ಹಾಗೆ.

ಸ್ಲ್ಯಾಬ್ ಬೇಡ ಎಂದದ್ದು ಇದಕ್ಕೇ. ಸ್ಲ್ಯಾಬ್ ತಾನು ಗಟ್ಟಿ, ನಿಜ. ಅದನ್ನು ಹೊರುವ ಗೋಡೆ ಅದೇ ಕೆಸರಿನದು. ಗೋಡೆ ಹೊಟ್ಟೆಬಿಟ್ಟರೆ ಮಣ್ಣಿನ ಮಾಳಿಗೆಯಲ್ಲಿ ಸಂದು ಮಾಡಿ ಜನರನ್ನು ಎಳೆಯಬಹುದು, ಕಾಂಕ್ರೀಟಿನ ಹಲಗೆಯ ಅಡಿ ಸಿಕ್ಕವರನ್ನು ಕ್ರೇನ್ ಬರುವವರೆಗೆ ಮುಟ್ಟಲಾಗದು. ಸ್ಲ್ಯಾಬ್ ಬೇಕೇ ಆದರೆ ಅಡಿಪಾಯದಿಂದ ಸಿಮೆಂಟಿನ ಹೊಸ ಗೋಡೆ ಎಬ್ಬಿಸಿ.

ಹಾಗಾದರೆ ಏನು ಮಾಡಬೇಕು? ದುಡ್ಡು ಬೇಡದ ಕೆಲಸ ಮೊದಲು. ಬೇಸಿಗೆಯಲ್ಲಿ, ಮಣ್ಣು ಒಣಗಿದಾಗ, ಮಾಳಿಗೆಯ ಮೇಲಿನ ಹೆಚ್ಚಿನ ಮಣ್ಣನ್ನು ಕೆರೆದು ಇಳಿಸಿ. ನಾಲ್ಕೈದು ಬೆರಳು ದಪ್ಪ ಉಳಿಸಿ, ಅದರ ಮೇಲೆ ದಪ್ಪ ತಾಡಪತ್ರೆ ಹಾಸಿ ತೆಳುವಾಗಿ ಮಣ್ಣು ಮೆತ್ತಿದರೆ ಸೋರುವುದಿಲ್ಲ. ಇಳಿಸುವಾಗ ಒಂದೇ ಮೂಲೆಯಿಂದ ಬಗೆಯಬೇಡಿ, ಎಲ್ಲ ಕಡೆ ಸಮವಾಗಿ ಇಳಿಸಿ. ಹುಳ ಹಿಡಿದ ಜಂತಿಯ ಮೇಲೆ ಕಾಲಿಡಬೇಡಿ, ಈ ಕೆಲಸದಲ್ಲೇ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದ್ದೇನೆ. ಮಾಳಿಗೆ ಪೂರ್ತಿ ತೆಗೆದು ತಗಡು ಹಾಕುವುದಾದರೂ ಸರಿಯೇ. ಬೇಸಿಗೆಯಲ್ಲಿ ಒಳಗೆ ಬೇಯುತ್ತೀರಿ, ಅದು ಅದರ ಬೆಲೆ. ತಗಡು ಹಾರದಿರಲೆಂದು ಮೇಲೆ ಕಲ್ಲು ಹೇರಬೇಡಿ, ನಟ್-ಬೋಲ್ಟ್ ಹಾಕಿಸಿ.

ಎರಡನೆಯದು ಗೋಡೆಯ ಎರಡು ಸಾಲುಗಳನ್ನು ಹೊಲಿಯುವುದು. ಎರಡಡಿ ಎತ್ತರಕ್ಕೊಂದು, ನಾಲ್ಕಡಿ ಅಂತರಕ್ಕೊಂದು ಕಲ್ಲನ್ನು ಮೆಲ್ಲಗೆ ಬಿಡಿಸಿ, ಗೋಡೆಯ ಆಚೆಯವರೆಗೂ ತೂತು ಮಾಡಿ, ತುದಿ ಬಗ್ಗಿಸಿದ ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟ್ ತುಂಬಬೇಕು. ಕಿಲ್ಲಾರಿಯ ನಂತರ ಮರಾಠವಾಡದ ಹಳ್ಳಿಗಳಲ್ಲಿ ಹೀಗೆ ಮನೆಗಳನ್ನು ಬಲಪಡಿಸಿದ್ದಾರೆ. ಒಮ್ಮೆಲೇ ಎಲ್ಲ ತೂತು ಹೊಡೆದರೆ ಗೋಡೆ ಕೈಕೊಡುತ್ತದೆ. ಒಂದನ್ನು ತುಂಬಿ ಗಟ್ಟಿಯಾದ ಮೇಲೆ ಅದರ ಪಕ್ಕದ್ದು. ಇದನ್ನು ಎಂಜಿನಿಯರ್ ಒಬ್ಬರು ನಿಂತು ಮಾಡಿಸಬೇಕು, ಮೇಸ್ತ್ರಿಗೆ ಒಪ್ಪಿಸಿ ಹೊಲಕ್ಕೆ ಹೋಗುವಂಥ ಕೆಲಸವಲ್ಲ.

ಇಷ್ಟೆಲ್ಲ ಈ ವರ್ಷ ಆಗದೆಂದರೆ ನನ್ನ ಸಲಹೆ ಒಂದೇ ಕೋಣೆ. ಅಂಗಳದಲ್ಲಿ ಇಟ್ಟಿಗೆ-ಸಿಮೆಂಟಿನದು, ಪಾಯದ ಮಟ್ಟ, ಬಾಗಿಲ ಮೇಲ್ಮಟ್ಟ, ಮಾಡಿನ ಮಟ್ಟ ಮೂರರಲ್ಲೂ ಸುತ್ತ ಕಬ್ಬಿಣದ ಕಾಂಕ್ರೀಟ್ ಪಟ್ಟಿ, ಮೇಲೆ ತಗಡು. ಅಡುಗೆ, ಕಾಳುಕಡಿ ಎಲ್ಲ ಹಳೆಯ ಮನೆಯಲ್ಲೇ ಇರಲಿ, ರಾತ್ರಿ ಎಲ್ಲರೂ ಇಲ್ಲಿ ಮಲಗಿ. ಅವ್ವನಿಗೂ ತನ್ನ ಮನೆ ಬಿಟ್ಟಂತಾಗದು.

ಹೊರಗೆ ಬಯಲಲ್ಲಿ ಮಲಗುವುದು ಗೋಡೆ ಹೊಸದಾಗಿ ಬಿರಿದಾಗ ಮಾತ್ರ. ತಿಂಗಳುಗಟ್ಟಲೆ ಹಾಗೆ ಮಲಗಿದರೆ ಹಾವು, ಚೇಳು, ಮಂಜು ಇವೇ ಭೂಕಂಪಕ್ಕಿಂತ ಮೊದಲು ತೊಂದರೆ ಕೊಡುತ್ತವೆ. ಹೊರಗೆಂದರೆ ಓಣಿಯಲ್ಲೂ ಅಲ್ಲ. ಎರಡೂ ಕಡೆ ಕಲ್ಲಿನ ಗೋಡೆಯಿರುವ ಇಕ್ಕಟ್ಟು ಓಣಿ ಮನೆಯೊಳಗಿಗಿಂತ ಅಪಾಯ. ಹೈದರಾಬಾದಿಗೆ ಹೋಗುವುದು ನಿಮ್ಮ ಮನೆತನದ ತೀರ್ಮಾನ, ಈ ಸಪ್ಪಳವೊಂದನ್ನೇ ಕಾರಣ ಮಾಡಿಕೊಂಡು ಹೊಲ ಮಾರಬೇಡಿ.

ಬಿರುಕಿನ ವಿಷಯ ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತವೆ. ಎರೆ ಮಣ್ಣಿನ ಮೇಲಿನ ಮನೆ ಭೂಕಂಪವಿಲ್ಲದೆಯೂ ಬಿರಿಯುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟಾಗ ಅಗಲವಾಗಿ, ಮಳೆಯಲ್ಲಿ ಉಬ್ಬಿದಾಗ ಕೂಡಿಕೊಳ್ಳುವ ಬಿರುಕು ಎರೆ ಮಣ್ಣಿನದು. ಗೋಡೆಯ ಮೂಲೆಯಲ್ಲಿ ಮೇಲಿಂದ ಕೆಳಗೆ ಬಿಟ್ಟುಕೊಂಡದ್ದು, ಗೋಡೆ ಹೊರಕ್ಕೆ ಹೊಟ್ಟೆಬಿಟ್ಟದ್ದು, ಇವೆರಡು ಕಂಡರೆ ಆ ಕೋಣೆಯಲ್ಲಿ ಅಂದಿನಿಂದಲೇ ಮಲಗಬೇಡಿ. ಅನುಮಾನವಿರುವ ಬಿರುಕಿಗೆ ಅಡ್ಡಲಾಗಿ ಸಿಮೆಂಟಿನ ತೆಳು ಪಟ್ಟಿ ಮೆತ್ತಿ, ಹಸಿಯಿರುವಾಗಲೇ ಮೊಳೆಯಿಂದ ತಾರೀಖು ಗೀಚಿ. ಸಪ್ಪಳ ಬಂದ ಮರುದಿನ ಪಟ್ಟಿ ಸೀಳಿದ್ದರೆ ಗೋಡೆ ಸರಿದಿದೆ ಎಂದರ್ಥ.

ಈ ರಾತ್ರಿಯೇ ಮಾಡಬಹುದಾದ್ದು: ಅವ್ವನ ಹಾಸಿಗೆಯನ್ನು ನಡುಮನೆಯ ಗೋಡೆ ಬದಿಯಿಂದ ಎತ್ತಿ, ಹೊರಬಾಗಿಲಿಗೆ ಹತ್ತಿರವಾಗಿ, ಗೋಡೆಯಿಂದ ಆದಷ್ಟು ದೂರ ಹಾಕಿ. ತಲೆಯ ಮೇಲಿನ ಗೂಡಿನಲ್ಲಿ ಹಿತ್ತಾಳೆ, ಕಂಚು ಇರಬಾರದು. ಬಾಗಿಲಿಗೆ ಅಡ್ಡ ತೊಗರಿ ಚೀಲ ಒಟ್ಟಬೇಡಿ. ದಿಂಬಿನ ಪಕ್ಕ ಬ್ಯಾಟರಿ ಇರಲಿ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ವೇಳೆ, ಸಪ್ಪಳಕ್ಕೂ ಅಲುಗಾಟಕ್ಕೂ ನಡುವಿನ ಸೆಕೆಂಡು, ಏನೇನು ಅಲುಗಿತು ಎಂಬುದನ್ನು ಬರೆಯುತ್ತ ಹೋಗಿ, ಪಂಚಾಯಿತಿಯ ಮೂಲಕ ತಹಸೀಲ್ದಾರರಿಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೂ ತಲುಪಿಸಿ. ಉಪಕರಣದ ಗೆರೆಗೆ ಇಂಥ ಟಿಪ್ಪಣಿ ಸೇರಿದರೆ ಕಂಪನ ಆದ ಜಾಗ ಇನ್ನಷ್ಟು ನಿಖರವಾಗುತ್ತದೆ. ಮಾಳಿಗೆಯ ಮಣ್ಣು ಎಷ್ಟು ದಪ್ಪವಿದೆಯೆಂದು ಒಂದು ಸಳಿ ಚುಚ್ಚಿ ಅಳೆದು, ಗೋಡೆಯ ನಾಲ್ಕೂ ಮೂಲೆಯ ಫೋಟೊ ಜೊತೆ ನನಗೆ ಮತ್ತೆ ಬರೆಯಿರಿ. ಯಾವ ಗೋಡೆಯಿಂದ ಕೆಲಸ ಶುರುಮಾಡಬೇಕೆಂದು ನೋಡಿ ಹೇಳುತ್ತೇನೆ.